ಏಳು ತಂತಿಯ ಪಿಟೀಲು: ಮೈಸೂರು ಸೀಮೆಯ ಒಂದು ವಾದ್ಯದ ಚರಿತ್ರೆ

ಕರ್ನಾಟಕ ಸಂಗೀತದ ಕಚೇರಿಯಲ್ಲಿ ಗಾಯಕರ ಎಡಪಕ್ಕದಲ್ಲಿ ಕುಳಿತು ನುಡಿಸುವ ಪಿಟೀಲು, ಅಂದರೆ ವಯೊಲಿನ್, ಇಂದು ಎಷ್ಟು ಸಹಜವಾಗಿ ಒಗ್ಗಿಹೋಗಿದೆಯೆಂದರೆ ಅದು ಈ ನೆಲಕ್ಕೆ ಬಂದು ಇನ್ನೂರು ಚಿಲ್ಲರೆ ವರ್ಷಗಳಷ್ಟೇ ಆಗಿದೆಯೆಂಬುದು ಅನೇಕ ಶ್ರೋತೃಗಳಿಗೆ ನೆನಪಾಗುವುದೇ ಇಲ್ಲ. ಹೊರಗಿನಿಂದ ಬಂದ ವಾದ್ಯವೊಂದು ಇಲ್ಲಿಯದೇ ಆಗಬೇಕಾದರೆ ಅದನ್ನು ಹಿಡಿಯುವ ಕ್ರಮ, ಶ್ರುತಿ ಮಾಡುವ ಕ್ರಮ, ಕಲಿಸುವ ಕ್ರಮ ಎಲ್ಲವೂ ಹೊಸದಾಗಿ ರೂಪುಗೊಳ್ಳಬೇಕಾಗುತ್ತದೆ. ಹಳೆಯ ಮೈಸೂರು ಸಂಸ್ಥಾನದಲ್ಲಿ ಈ ಕೆಲಸ ನಡೆದ ಬಗೆಯನ್ನು ಅರಿಯಲು ಪಿಟೀಲು ಚೌಡಯ್ಯನವರೆಂದೇ ಹೆಸರಾದ ಟಿ. ಚೌಡಯ್ಯನವರ ವೃತ್ತಿಜೀವನಕ್ಕಿಂತ ಉತ್ತಮವಾದ ಆಕರ ಇನ್ನೊಂದಿಲ್ಲ. ಅದೇ ಸಂಸ್ಥಾನದ ಮೂಡಣ ಅಂಚಿನಲ್ಲಿದ್ದ ಕೋಲಾರ, ಮಾಲೂರು, ಮುಳಬಾಗಿಲು, ಶ್ರೀನಿವಾಸಪುರಗಳ ಸೀಮೆಗೂ ಈ ಚರಿತ್ರೆಗೂ ನಂಟಿದೆ. ಅದು ಚೌಡಯ್ಯನವರು ಹುಟ್ಟುವುದಕ್ಕೆ ನಾಲ್ಕು ಶತಮಾನಗಳಷ್ಟು ಹಿಂದಿನಿಂದಲೇ ಆರಂಭವಾಗುತ್ತದೆ.

ಹದಿನೆಂಟನೆಯ ಶತಮಾನದ ಕೊನೆಯ ವೇಳೆಗೆ ಮದರಾಸಿನ ಕೋಟೆಯಲ್ಲಿದ್ದ ಇಂಗ್ಲಿಷರ ವಾದ್ಯವೃಂದಗಳ ಮೂಲಕ ಪಿಟೀಲು ದಕ್ಷಿಣದ ಸಂಗೀತಗಾರರ ಕಿವಿಗೆ ಬಿತ್ತು. ವಾಗ್ಗೇಯಕಾರ ಮುತ್ತುಸ್ವಾಮಿ ದೀಕ್ಷಿತರ ತಮ್ಮನಾದ ಬಾಲಸ್ವಾಮಿ ದೀಕ್ಷಿತರು ಮಣಲಿ ಚಿನ್ನಯ್ಯ ಮೊದಲಿಯಾರರ ಆಶ್ರಯದಲ್ಲಿದ್ದಾಗ ಐರೋಪ್ಯ ವಾದಕನೊಬ್ಬನಿಂದ ಇದನ್ನು ಕಲಿತು, ಕರ್ನಾಟಕ ಸಂಗೀತಕ್ಕೆ ಹೊಂದಿಸಿದರೆಂದು ಸಂಗೀತ ಚರಿತ್ರೆಯಲ್ಲಿ ದಾಖಲಾಗಿದೆ. ತಂಜಾವೂರಿನ ನಾಲ್ವರು ಸಹೋದರರಲ್ಲಿ ಒಬ್ಬನಾದ ವಡಿವೇಲು ಇದೇ ವಾದ್ಯದಲ್ಲಿ ಪಳಗಿ, ತಿರುವಾಂಕೂರಿನ ಸ್ವಾತಿ ತಿರುನಾಳ್ ಮಹಾರಾಜರಿಂದ ದಂತದ ಪಿಟೀಲೊಂದನ್ನು ಬಹುಮಾನವಾಗಿ ಪಡೆದನು. ಅದುವರೆಗೆ ಹಾಡುಗಾರಿಕೆಗೆ ಪಕ್ಕವಾದ್ಯವಾಗಿ, ಎಂದರೆ ಗಾಯಕರನ್ನು ಅನುಸರಿಸುತ್ತ ಅವರ ಸಂಗೀತವನ್ನು ತುಂಬಿಕೊಡುವ ಜೊತೆವಾದ್ಯವಾಗಿ, ಇದ್ದದ್ದು ವೀಣೆ. ವೀಣೆಯ ತಂತಿಯನ್ನು ಮೀಟಿದೊಡನೆ ನಾದ ಹುಟ್ಟಿ ಕ್ರಮೇಣ ಕ್ಷೀಣಿಸುತ್ತದೆ. ಪಿಟೀಲಿನಲ್ಲಾದರೋ ಕಮಾನು ತಂತಿಯ ಮೇಲೆ ಸಾಗುವವರೆಗೂ ನಾದ ಕಂಠದ ದನಿಯಂತೆಯೇ ಎಡೆಬಿಡದೆ ಉಳಿಯುತ್ತದೆ. ಪಕ್ಕವಾದ್ಯದ ಸ್ಥಾನ ವೀಣೆಯ ಕೈತಪ್ಪಿ ಪಿಟೀಲಿಗೆ ದಕ್ಕಿದ್ದಕ್ಕೆ ಇದೇ ಮುಖ್ಯ ಕಾರಣ.

ಒಗ್ಗಿಸಿಕೊಳ್ಳುವಾಗ ವಾದ್ಯದ ಆಕಾರವನ್ನು ಯಾರೂ ಬದಲಿಸಲಿಲ್ಲ. ಬದಲಾದದ್ದು ಅದನ್ನು ಹಿಡಿಯುವ ಭಂಗಿ ಮತ್ತು ಶ್ರುತಿ. ಯೂರೋಪಿನ ವಾದಕನು ನಿಂತೋ ಕುರ್ಚಿಯ ಮೇಲೆ ಕುಳಿತೋ ಪಿಟೀಲನ್ನು ಗಲ್ಲದಡಿ ಒತ್ತಿ ಹಿಡಿದರೆ, ಇಲ್ಲಿಯ ವಾದಕರು ನೆಲದ ಮೇಲೆ ಚಕ್ಕಳಮಕ್ಕಳ ಹಾಕಿ ಕುಳಿತು, ವಾದ್ಯದ ಅಗಲವಾದ ತುದಿಯನ್ನು ಎದೆಯ ಎಡಭಾಗಕ್ಕೂ ಸುರುಳಿಯಾಕಾರದ ತಲೆಯನ್ನು ಬಲಗಾಲಿನ ಹರಡಿನ ಮೇಲೂ ಆನಿಸಿಕೊಂಡರು. ಹೀಗೆ ಎರಡು ಕಡೆ ಆಸರೆ ದೊರೆತದ್ದರಿಂದ ಎಡಗೈಗೆ ವಾದ್ಯವನ್ನು ಹೊರುವ ಹೊಣೆ ತಪ್ಪಿ, ಬೆರಳುಗಳು ತಂತಿಯ ಉದ್ದಕ್ಕೂ ಜಾರಲು ಅನುಕೂಲವಾಯಿತು. ಕರ್ನಾಟಕ ಸಂಗೀತದ ಜೀವವೆನಿಸಿದ ಗಮಕಗಳು, ಅಂದರೆ ಸ್ವರವನ್ನು ಅಲುಗಿಸುವ, ಜಾರಿಸುವ, ಒಂದರಿಂದ ಇನ್ನೊಂದಕ್ಕೆ ಎಳೆಯುವ ಕ್ರಮಗಳು, ಸಾಧ್ಯವಾದದ್ದು ಈ ಭಂಗಿಯಿಂದಲೇ. ಶ್ರುತಿಯ ವಿಷಯದಲ್ಲಿಯೂ ಹೀಗೆಯೇ: ಪಾಶ್ಚಾತ್ಯರು ನಾಲ್ಕು ತಂತಿಗಳನ್ನು ನಾಲ್ಕು ನಿಶ್ಚಿತ ಸ್ವರಗಳಿಗೆ ಸದಾ ಕಟ್ಟಿಟ್ಟರೆ, ಇಲ್ಲಿ ಅವನ್ನು ಮಂದ್ರ ಷಡ್ಜ, ಮಂದ್ರ ಪಂಚಮ, ಮಧ್ಯ ಷಡ್ಜ, ಮಧ್ಯ ಪಂಚಮಗಳಿಗೆ ಕೂಡಿಸಿ, ಗಾಯಕರ ಆಧಾರ ಶ್ರುತಿಗೆ ತಕ್ಕಂತೆ ಏರಿಸುತ್ತಲೋ ಇಳಿಸುತ್ತಲೋ ಇರುತ್ತಾರೆ.

ಮೈಸೂರು ಆಸ್ಥಾನ ಮೊದಲಿನಿಂದಲೂ ವೀಣೆಯ ತವರು. ವೀಣೆ ಶೇಷಣ್ಣ (1852–1926), ವೀಣೆ ಸುಬ್ಬಣ್ಣರಂಥ ಘನ ವಿದ್ವಾಂಸರಿದ್ದ ಕಡೆ ಪಿಟೀಲು ಎರಡನೆಯ ಸಾಲಿನ ವಾದ್ಯವಾಗಿಯೇ ಉಳಿದಿದ್ದರೆ ಆಶ್ಚರ್ಯಪಡಬೇಕಾಗಿರಲಿಲ್ಲ. ಆದರೆ ನಾಲ್ವಡಿ ಕೃಷ್ಣರಾಜ ಒಡೆಯರು ಸ್ವತಃ ಪಿಟೀಲು ಬಲ್ಲವರಾಗಿದ್ದರು. ಅರಮನೆಯಲ್ಲಿ ಕರ್ನಾಟಕ ಸಂಗೀತದ ವಿದ್ವಾಂಸರ ಜೊತೆಗೆ ಪಾಶ್ಚಾತ್ಯ ವಾದ್ಯವೃಂದವನ್ನೂ ಪೋಷಿಸಿದ್ದರು. ಒಂದೇ ವಾದ್ಯವನ್ನು ಎರಡು ಸಂಪ್ರದಾಯದವರು ಎರಡು ರೀತಿಯಲ್ಲಿ ನುಡಿಸುವುದನ್ನು ಒಂದೇ ಅರಮನೆಯಲ್ಲಿ ಕೇಳುವ ಅವಕಾಶ ಆ ಕಾಲದ ಮೈಸೂರಿಗಿತ್ತು. ಅರಸರ ಆಪ್ತ ಕಾರ್ಯದರ್ಶಿಗಳಾಗಿದ್ದ ತಂಬೂಚೆಟ್ಟಿಯವರ ಮಗಳು ಫಿಲೋಮಿನಾ ತಂಬೂಚೆಟ್ಟಿ ಪ್ಯಾರಿಸ್ಸಿನಲ್ಲಿ ಪಾಶ್ಚಾತ್ಯ ಪಿಟೀಲನ್ನು ಅಭ್ಯಾಸ ಮಾಡಿ ವಾದಕಿಯಾಗಿ ಹೆಸರು ಪಡೆದದ್ದು ಇದೇ ವಾತಾವರಣದ ಫಲ. ನಾಲ್ವಡಿಯವರ ನಂತರ ಪಟ್ಟಕ್ಕೆ ಬಂದ ಜಯಚಾಮರಾಜ ಒಡೆಯರು ರಷ್ಯದ ಸಂಗೀತಕಾರ ನಿಕೊಲಾಯ್ ಮೆಟ್ನರ್ ಅವರ ಕೃತಿಗಳ ಧ್ವನಿಮುದ್ರಣಕ್ಕೆ ಲಂಡನ್ನಿನಲ್ಲಿ ಧನಸಹಾಯ ಮಾಡಿದ್ದನ್ನೂ ಈ ಮಾತಿಗೆ ಸೇರಿಸಬಹುದು. ಆದರೂ ಈ ಪಾಶ್ಚಾತ್ಯ ಧಾರೆ ಅರಮನೆಯ ಸುತ್ತಿನಲ್ಲಿಯೇ ನಿಂತಿತು; ಊರುಕೇರಿಗಳಿಗೆ ಹರಿದದ್ದು ಇನ್ನೊಂದು ಧಾರೆ.

ಆ ಇನ್ನೊಂದು ಧಾರೆಯ ಮೂಲಪುರುಷರು ಬಿಡಾರಂ ಕೃಷ್ಣಪ್ಪನವರು (1866–1931). ಕರಾವಳಿಯಿಂದ ಮೈಸೂರಿಗೆ ಬಂದು ನೆಲೆನಿಂತ ಈ ಗಾಯಕರು ತುಂಬು ಕಂಠದವರು, ಕಟ್ಟುನಿಟ್ಟಿನ ಗುರುಗಳು, ಶ್ರೀರಾಮನ ಭಕ್ತರು. ಮೈಸೂರಿನಲ್ಲಿ ಪ್ರಸನ್ನ ಸೀತಾರಾಮ ಮಂದಿರವನ್ನು ಕಟ್ಟಿಸಿದವರು. ಅವರ ಹೆಚ್ಚಿನ ಸಾಧನೆಯೆಂದರೆ ದೇವರನಾಮಗಳನ್ನು, ಅಂದರೆ ಹರಿದಾಸರ ಕನ್ನಡ ಪದಗಳನ್ನು, ಭಜನೆಯ ಜಗಲಿಯಿಂದ ಎತ್ತಿ ಕಚೇರಿಯ ವೇದಿಕೆಗೆ ತಂದದ್ದು. ತೆಲುಗು ಮತ್ತು ಸಂಸ್ಕೃತ ಕೃತಿಗಳೇ ಕಚೇರಿಯನ್ನು ಆಳುತ್ತಿದ್ದ ಕಾಲದಲ್ಲಿ ದಾಸರ ಪದಕ್ಕೂ ರಾಗಾಲಾಪನೆ, ಸ್ವರಪ್ರಸ್ತಾರಗಳ ಗೌರವ ಸಲ್ಲಬೇಕೆಂದು ಅವರು ಹಾಡಿ ತೋರಿಸಿದರು.

ಕೋಲಾರ ಸೀಮೆ ಈ ಕಥೆಯೊಳಗೆ ಬರುವುದು ಇಲ್ಲಿಯೇ. ಮುಳಬಾಗಿಲಿನ ಬಳಿಯ ನರಸಿಂಹತೀರ್ಥದಲ್ಲಿ ನೆಲೆಸಿದ್ದ ಶ್ರೀಪಾದರಾಜರು ಹದಿನೈದನೆಯ ಶತಮಾನದಲ್ಲಿಯೇ ರಂಗವಿಠಲ ಎಂಬ ಅಂಕಿತದಲ್ಲಿ ಕನ್ನಡ ಪದಗಳನ್ನು ರಚಿಸಿ, ಮಠದ ಪೂಜೆಯಲ್ಲಿ ಅವನ್ನು ಹಾಡಿಸಿದರು. ಪುರಂದರದಾಸರಿಗೂ ಕನಕದಾಸರಿಗೂ ಗುರುಗಳಾದ ವ್ಯಾಸತೀರ್ಥರು ವಿದ್ಯಾಭ್ಯಾಸ ಮಾಡಿದ್ದು ಇದೇ ಶ್ರೀಪಾದರಾಜರ ಬಳಿ, ಇದೇ ಮುಳಬಾಗಿಲಿನಲ್ಲಿ. ಹರಿದಾಸ ಪಿತಾಮಹರೆಂಬ ಬಿರುದು ಶ್ರೀಪಾದರಾಜರಿಗೆ ಸುಮ್ಮನೆ ಬಂದದ್ದಲ್ಲ. ಕೃಷ್ಣಪ್ಪನವರು ದೇವರನಾಮಗಳನ್ನು ಹಾಡುವಾಗ ಪಕ್ಕದಲ್ಲಿ ಕುಳಿತ ಪಿಟೀಲುಗಾರ ಅನುಸರಿಸಬೇಕಾಗಿದ್ದುದು ರಾಗವನ್ನು ಮಾತ್ರವಲ್ಲ, ಕನ್ನಡದ ಮಾತನ್ನೂ ಹೌದು. ಎಲ್ಲಿ ಪದ ಮುರಿಯಬಾರದು, ಎಲ್ಲಿ ಒತ್ತಕ್ಷರಕ್ಕೆ ಕಮಾನು ತುಸು ಬಿಗಿಯಬೇಕು, ಎಲ್ಲಿ ಸಂಬೋಧನೆಯ ದೀರ್ಘವನ್ನು ಎಳೆಯಬೇಕು ಎಂಬುದು ಸಾಹಿತ್ಯ ತಿಳಿದವನಿಗೆ ಮಾತ್ರ ಸಾಧ್ಯ. ಮೈಸೂರು ಪಿಟೀಲಿನಲ್ಲಿ ಮುಂದೆ ಗುರುತಾದ ಗಾಯನದ ಗುಣ, ಅಂದರೆ ವಾದ್ಯವನ್ನು ಹಾಡಿದಂತೆ ನುಡಿಸುವ ಒಲವು, ಈ ಶಿಕ್ಷಣದಿಂದ ಬಹಳಷ್ಟು ಪಡೆದಿದೆ.

ಚೌಡಯ್ಯನವರು 1895ರ ಜನವರಿ 1ರಂದು ತಿರುಮಕೂಡಲಿನಲ್ಲಿ ಜನಿಸಿದರು. ತಿ. ನರಸೀಪುರದ ಬಳಿ ಕಾವೇರಿಯೂ ಕಪಿಲೆಯೂ ಕೂಡುವ ಈ ಕ್ಷೇತ್ರದ ದೇವರು ಅಗಸ್ತ್ಯೇಶ್ವರ. ಚೌಡಯ್ಯನವರ ತಂದೆಯ ಹೆಸರೂ ಅಗಸ್ತ್ಯೇಗೌಡ. ತಾಯಿ ಸುಂದರಮ್ಮ. ಬೇಸಾಯದ ಮನೆತನದ ಹುಡುಗನೊಬ್ಬ ಶಾಸ್ತ್ರೀಯ ಸಂಗೀತವನ್ನೇ ವೃತ್ತಿಯಾಗಿ ಹಿಡಿಯುವುದು ಆ ಕಾಲಕ್ಕೆ ಅಪರೂಪ. ಏಕೆಂದರೆ ವಿದ್ಯೆ ಬಹುಮಟ್ಟಿಗೆ ಸಂಗೀತದ ಮನೆತನಗಳಲ್ಲಿಯೇ ತಂದೆಯಿಂದ ಮಗನಿಗೆ ಇಳಿದು ಬರುತ್ತಿತ್ತು. 1910ರಲ್ಲಿ ಚೌಡಯ್ಯನವರು ಕೃಷ್ಣಪ್ಪನವರ ಶಿಷ್ಯರಾಗಿ ಗುರುಕುಲವಾಸಕ್ಕೆ ಸೇರಿದರು. ಗುರುಕುಲವೆಂದರೆ ಗುರುವಿನ ಮನೆಯಲ್ಲಿಯೇ ಉಳಿದು, ಮನೆಗೆಲಸ ಮಾಡುತ್ತ, ಗುರುವಿನ ಮರ್ಜಿಗೆ ತಕ್ಕಂತೆ ಪಾಠ ಕಲಿಯುವ ಪದ್ಧತಿ. ಗುರುಗಳು ಗಾಯಕರಾಗಿದ್ದುದರಿಂದ ಶಿಷ್ಯನು ಪಿಟೀಲಿನ ತಂತ್ರವನ್ನು ಗುರುವಿನ ಬೆರಳು ನೋಡಿ ಕಲಿಯುವಂತಿರಲಿಲ್ಲ. ಬಾಯಿಪಾಠವಾಗಿ ಬಂದ ಸಂಗೀತವನ್ನು ತಂತಿಯ ಮೇಲೆ ತಾನೇ ಹುಡುಕಿಕೊಳ್ಳಬೇಕಾಯಿತು. ಪಿಟೀಲು ಕಲಿಕೆಯಲ್ಲಿ ಇದು ದೊಡ್ಡ ಕೊರತೆಯೆಂದು ಇಂದಿನ ಶಿಕ್ಷಕರಿಗೆ ತೋರಬಹುದು. ಆದರೆ ಅವರ ವಾದನದಲ್ಲಿ ಕಂಠಸಂಗೀತದ ಛಾಯೆ ಅಷ್ಟು ದಟ್ಟವಾಗಿ ಬಂದದ್ದಕ್ಕೆ ಈ ಕೊರತೆಯೇ ಕಾರಣವಾಗಿರುವುದು ಹೆಚ್ಚು ಸಂಭವನೀಯ.

ಪಕ್ಕವಾದ್ಯದ ಕೆಲಸ ಹೊರಗಿನವರಿಗೆ ಕಾಣುವುದಕ್ಕಿಂತ ಕಠಿಣವಾದದ್ದು. ಗಾಯಕರು ಯಾವ ಕೃತಿ ಹಾಡುತ್ತಾರೆ, ಯಾವ ರಾಗವನ್ನು ವಿಸ್ತರಿಸುತ್ತಾರೆ ಎಂಬುದು ಮುಂಚಿತವಾಗಿ ತಿಳಿದಿರುವುದಿಲ್ಲ. ರಾಗಾಲಾಪನೆಯಲ್ಲಿ ಗಾಯಕರ ಒಂದೊಂದು ಸಂಚಾರ ಮುಗಿಯುವಷ್ಟರಲ್ಲಿ ಅದರ ಸಾರವನ್ನು ಹಿಡಿದು ಮರುನುಡಿಯಬೇಕು. ನೆರವಲ್‌ನಲ್ಲಿ, ಎಂದರೆ ಸಾಹಿತ್ಯದ ಒಂದೇ ಸಾಲನ್ನು ತಾಳದ ಚೌಕಟ್ಟಿನೊಳಗೆ ನಾನಾ ರೀತಿ ಹಾಡುವ ಭಾಗದಲ್ಲಿ, ಅದೇ ಸಾಲಿಗೆ ತನ್ನ ಕಲ್ಪನೆಯನ್ನೂ ಸೇರಿಸಬೇಕು. ಕಲ್ಪನಾಸ್ವರದಲ್ಲಿ ಗಾಯಕರು ಹಾಕಿದ ಲೆಕ್ಕಾಚಾರಕ್ಕೆ ಅಲ್ಲಿಯೇ ಉತ್ತರ ಕೊಡಬೇಕು. ಇಷ್ಟೆಲ್ಲ ಮಾಡಿಯೂ ಗಾಯಕರನ್ನು ಮೀರಿ ಮೆರೆಯಬಾರದು. ಚೌಡಯ್ಯನವರ ತಲೆಮಾರಿನಲ್ಲಿ ಈ ಕಲೆಯಲ್ಲಿ ಮೂವರ ಹೆಸರು ಒಟ್ಟಿಗೆ ಕೇಳಿಬರುತ್ತಿತ್ತು: ಕುಂಭಕೋಣಂ ರಾಜಮಾಣಿಕ್ಯಂ ಪಿಳ್ಳೆ, ಪಾಪಾ ವೆಂಕಟರಾಮಯ್ಯ ಮತ್ತು ಮೈಸೂರು ಚೌಡಯ್ಯ. ಇವರಲ್ಲಿ ಇಬ್ಬರು ತಮಿಳುನಾಡಿನವರು. ಮದರಾಸಿನ ಸಭೆಗಳು ಸಂಗೀತಗಾರರ ಯೋಗ್ಯತೆಯನ್ನು ನಿರ್ಣಯಿಸುತ್ತಿದ್ದ ದಿನಗಳಲ್ಲಿ ಮೈಸೂರಿನ ಪಿಟೀಲುಗಾರನೊಬ್ಬ ಆ ಸಾಲಿಗೆ ಸೇರಿದ್ದು ಸಣ್ಣ ವಿಷಯವಲ್ಲ.

ಆದರೆ ಚೌಡಯ್ಯನವರನ್ನು ಉಳಿದವರಿಂದ ಬೇರ್ಪಡಿಸಿದ್ದು ಅವರು 1927ರ ಸುಮಾರಿಗೆ ರೂಪಿಸಿದ ಏಳು ತಂತಿಯ ಪಿಟೀಲು. ಅದರ ಹಿನ್ನೆಲೆಯಲ್ಲಿದ್ದದ್ದು ಸಂಗೀತಶಾಸ್ತ್ರದ ಚರ್ಚೆಯಲ್ಲ, ಧ್ವನಿಯ ಪ್ರಮಾಣದ ಸಮಸ್ಯೆ. ಅಂದಿನ ಕಚೇರಿಗಳು ಅರಮನೆಯ ಹಜಾರ, ಶ್ರೀಮಂತರ ಮನೆಯ ಪಡಸಾಲೆಗಳನ್ನು ದಾಟಿ ದೇವಸ್ಥಾನದ ಅಂಗಳ, ನಾಟಕದ ಕೊಟ್ಟಿಗೆ, ರಾಮನವಮಿಯ ಚಪ್ಪರಗಳಿಗೆ ಬಂದಿದ್ದವು. ಕೇಳುವವರು ನೂರಾರು, ಆದರೆ ಧ್ವನಿವರ್ಧಕ ಇನ್ನೂ ಬಂದಿರಲಿಲ್ಲ. ಶಿವನಸಮುದ್ರದ ವಿದ್ಯುತ್ತು 1902ರಲ್ಲಿಯೇ ಕೋಲಾರದ ಚಿನ್ನದ ಗಣಿಗಳಿಗೆ ಹರಿದು ಬಂದಿದ್ದರೂ, ಅದೇ ವಿದ್ಯುತ್ತು ಸಂಗೀತದ ವೇದಿಕೆಗೆ ಮೈಕಿನ ರೂಪದಲ್ಲಿ ಬರಲು ಮತ್ತೆ ಕೆಲವು ದಶಕಗಳು ಬೇಕಾದವು. ಕೃಷ್ಣಪ್ಪನವರಂಥ, ಆಮೇಲೆ ಚೆಂಬೈ ವೈದ್ಯನಾಥ ಭಾಗವತರಂಥ ಗಂಟಲಿನವರ ಪಕ್ಕದಲ್ಲಿ ನಾಲ್ಕು ತಂತಿಯ ಪಿಟೀಲು ಹಿಂದಿನ ಸಾಲಿನವರಿಗೆ ಸೊಳ್ಳೆಯ ಗುಂಯ್‌ಗುಟ್ಟುವಿಕೆಯಷ್ಟೇ ಆಗಿ ಉಳಿಯುವ ಅಪಾಯವಿತ್ತು.

ಚೌಡಯ್ಯನವರ ಉಪಾಯ ಹೀಗಿತ್ತು: ನಾಲ್ಕು ತಂತಿಗಳಲ್ಲಿ ಮೂರಕ್ಕೆ ಒಂದೊಂದು ಜೊತೆತಂತಿಯನ್ನು ಸೇರಿಸಿ, ಆ ಜೊತೆತಂತಿಯನ್ನು ಅದೇ ಸ್ವರದ ಇನ್ನೊಂದು ಸ್ಥಾಯಿಗೆ ಶ್ರುತಿ ಮಾಡುವುದು. ಸ್ಥಾಯಿಯೆಂದರೆ ಷಡ್ಜದಿಂದ ಮೇಲಿನ ಷಡ್ಜದವರೆಗಿನ ಏಳು ಸ್ವರಗಳ ವ್ಯಾಪ್ತಿ. ಗಂಡು ದನಿಯೂ ಹೆಣ್ಣು ದನಿಯೂ ಒಂದೇ ಹಾಡನ್ನು ಕೂಡಿ ಹಾಡಿದಾಗ ಕೇಳುವ ತುಂಬುತನ ಇದರಿಂದ ಒಬ್ಬನೇ ವಾದಕನ ಕೈಗೆ ಬಂತು. ಕಮಾನು ಜೋಡಿತಂತಿಗಳೆರಡನ್ನೂ ಒಮ್ಮೆಗೇ ಸವರುತ್ತದೆ. ಎಡಗೈಯ ಒಂದೇ ಬೆರಳು ಎರಡನ್ನೂ ಒಮ್ಮೆಗೇ ಒತ್ತುತ್ತದೆ. ಕೇಳಲು ಸುಲಭವೆನಿಸುವ ಈ ಏರ್ಪಾಡು ನುಡಿಸುವವನಿಗೆ ಎಷ್ಟು ತೊಡಕಿನದೆಂಬುದನ್ನು ಸ್ವಲ್ಪ ವಿವರಿಸಬೇಕು. ದಪ್ಪ ತಂತಿಗೂ ತೆಳು ತಂತಿಗೂ ಬೇಕಾದ ಒತ್ತಡ ಬೇರೆ ಬೇರೆ. ಬೆರಳು ಕೂದಲೆಳೆಯಷ್ಟು ಓರೆಯಾದರೂ ಜೋಡಿಯಲ್ಲೊಂದು ಅಪಸ್ವರವಾಗುತ್ತದೆ. ನಾಲ್ಕು ಬಿರಡೆಗಳ ಜಾಗದಲ್ಲಿ ಏಳು ಬಿರಡೆಗಳಾಗುತ್ತವೆ; ತಂತಿಗಳನ್ನು ಹೊತ್ತು ನಿಲ್ಲುವ ಕುದುರೆಯ ಮೇಲೆ, ಅದರ ಮೂಲಕ ವಾದ್ಯದ ತೆಳುವಾದ ಮೇಲುಹಲಗೆಯ ಮೇಲೆ, ಬೀಳುವ ಭಾರವೂ ಅದಕ್ಕೆ ತಕ್ಕಂತೆ ಹೆಚ್ಚುತ್ತದೆ. ಹೀಗಿರುವ ವಾದ್ಯದಲ್ಲಿ ವೇಗದ ಸಂಚಾರಗಳನ್ನೂ ನಯವಾದ ಗಮಕಗಳನ್ನೂ ತರಬೇಕಾದರೆ ಬೆರಳಿನ ಬಲದ ಜೊತೆಗೆ ಕಿವಿಯ ಸೂಕ್ಷ್ಮತೆಯೂ ಅಸಾಧಾರಣವಾಗಿರಬೇಕು.

ಇದೇ ಕಾಲದಲ್ಲಿ ಆಂಧ್ರದ ದ್ವಾರಂ ವೆಂಕಟಸ್ವಾಮಿ ನಾಯುಡು (1893–1964) ಅವರು ನಾಲ್ಕು ತಂತಿಯ ಪಿಟೀಲನ್ನೇ ಉಳಿಸಿಕೊಂಡು, ಕಮಾನಿನ ಉದ್ದನೆಯ ಎಳೆತದಿಂದ ನಾದದ ಮೃದುತ್ವವನ್ನು ಸಾಧಿಸಿ, ಅದನ್ನು ತನಿವಾದ್ಯವಾಗಿ ಬೆಳಗಿಸಿದರು. ಇವರಿಬ್ಬರನ್ನು ಹೋಲಿಸಿ ಯಾರು ಹೆಚ್ಚು ಎಂದು ವಾದಿಸುವುದು ರಸಿಕರ ಹಳೆಯ ಚಟ. ಚರಿತ್ರೆಯ ದೃಷ್ಟಿಯಿಂದ ನೋಡಿದರೆ ಇಬ್ಬರೂ ಎದುರಿಸಿದ ಪ್ರಶ್ನೆಗಳೇ ಬೇರೆಯಾಗಿದ್ದವು. ನಾಯುಡು ಅವರಿಗೆ ಬೇಕಾದದ್ದು ಪಿಟೀಲಿಗೆ ಸ್ವತಂತ್ರ ವ್ಯಕ್ತಿತ್ವ. ಚೌಡಯ್ಯನವರಿಗೆ ಬೇಕಾದದ್ದು ಗಾಯಕರ ಪಕ್ಕದಲ್ಲಿ ತಲೆಯೆತ್ತಿ ಕೂರಬಲ್ಲ ಪಿಟೀಲು.

ಆ ಸ್ಥಾನ ಅವರಿಗೆ ಪೂರ್ತಿಯಾಗಿ ದೊರಕಿದ್ದು ಚೆಂಬೈ ಅವರ ಜೊತೆಯಲ್ಲಿ. ಚೆಂಬೈ ಅವರ ಗಾಯನ, ಚೌಡಯ್ಯನವರ ಪಿಟೀಲು, ಪಾಲ್ಘಾಟ್ ಮಣಿ ಅಯ್ಯರ್ ಅವರ ಮೃದಂಗ ಕೂಡಿದ ಕಚೇರಿಗಳು ದಕ್ಷಿಣ ಭಾರತದಲ್ಲೆಲ್ಲ ಮನೆಮಾತಾದವು. 1943ರಲ್ಲಿ ಬಿಡುಗಡೆಯಾದ ‘ವಾಣಿ’ ಎಂಬ ಕನ್ನಡ ಚಲನಚಿತ್ರದ ನಿರ್ಮಾಣಕ್ಕೂ ಚೌಡಯ್ಯನವರು ಕೈ ಹಾಕಿದರು. ಮುಂದೆ ಹೆಸರಾಂತ ನಟಿಯಾದ ಪಂಡರಿಬಾಯಿಯವರ ಮೊದಲ ಚಿತ್ರ ಅದು. ಚೆಂಬೈ, ಚೌಡಯ್ಯ, ಮಣಿ ಅಯ್ಯರ್ ಮೂವರೂ ಕೂಡಿ ನಡೆಸಿದ ಕಚೇರಿಯ ದೃಶ್ಯ ಆ ಚಿತ್ರದಲ್ಲಿರುವುದರಿಂದ, ಏಳು ತಂತಿಯ ಪಿಟೀಲನ್ನು ಅದರ ಕರ್ತೃವೇ ನುಡಿಸುವುದನ್ನು ನೋಡುವ ಭಾಗ್ಯ ಇಂದಿನವರಿಗೂ ಉಳಿದಿದೆ. ಸಿನಿಮಾ ವ್ಯವಹಾರಕ್ಕೆ ಅವರು ಕೈ ಹಾಕಬಾರದಿತ್ತೆಂದು ಹೇಳುವವರು ಈ ಒಂದು ದೃಶ್ಯಕ್ಕಾಗಿಯಾದರೂ ಅವರನ್ನು ಕ್ಷಮಿಸಬೇಕು.

ಚೌಡಯ್ಯನವರು 1939ರಲ್ಲಿ ಮೈಸೂರಿನ ಆಸ್ಥಾನ ವಿದ್ವಾಂಸರಾದರು. 1957ರಲ್ಲಿ ಮದ್ರಾಸ್ ಮ್ಯೂಸಿಕ್ ಅಕಾಡೆಮಿ ಅವರಿಗೆ ಸಂಗೀತ ಕಲಾನಿಧಿ ಬಿರುದನ್ನು ನೀಡಿತು. ಅಕಾಡೆಮಿಯ ವಾರ್ಷಿಕ ಸಮ್ಮೇಳನದ ಅಧ್ಯಕ್ಷರಿಗೆ ಸಲ್ಲುವ ಈ ಬಿರುದು ಕರ್ನಾಟಕ ಸಂಗೀತ ಲೋಕದಲ್ಲಿ ಅತ್ಯುನ್ನತ ಮನ್ನಣೆಯೆಂದು ಪರಿಗಣಿತವಾಗಿದೆ. ಅದಕ್ಕಿಂತ ಮುಂಚೆ, 1935ರಲ್ಲಿ, ಮೈಸೂರು ವಾಸುದೇವಾಚಾರ್ಯರಿಗೆ ಅದೇ ಗೌರವ ಸಂದಿತ್ತು. ಪಕ್ಕವಾದ್ಯದವರನ್ನು ಗಾಯಕರಿಗಿಂತ ಒಂದು ಮೆಟ್ಟಿಲು ಕೆಳಗೆ ಕಾಣುವ ರೂಢಿ ಬಲವಾಗಿದ್ದ ದಿನಗಳಲ್ಲಿ, ಜೀವನದ ಬಹುಭಾಗವನ್ನು ಇತರರ ಪಕ್ಕದಲ್ಲಿ ಕುಳಿತು ಕಳೆದವರೊಬ್ಬರು ಆ ಅಧ್ಯಕ್ಷಪೀಠವನ್ನೇರಿದರು. ಅವರು ವಾಗ್ಗೇಯಕಾರರೂ ಹೌದು. ತಮ್ಮ ರಚನೆಗಳಿಗೆ ಹುಟ್ಟೂರಿನ ಕ್ಷೇತ್ರನಾಮವಾದ ‘ತ್ರಿಮಕುಟ’ವನ್ನೇ ಅಂಕಿತವಾಗಿ ಇಟ್ಟುಕೊಂಡರು. 1967ರ ಜನವರಿಯಲ್ಲಿ ಅವರು ತೀರಿಕೊಂಡರು.

ಶಿಕ್ಷಕರಾಗಿ ಚೌಡಯ್ಯನವರ ಕೆಲಸವನ್ನು ಅವರ ವೃತ್ತಿಜೀವನದ ಅಡಿಟಿಪ್ಪಣಿಯಂತೆ ನೋಡುವುದು ವಾಡಿಕೆಯಾಗಿದೆ. ಈ ವಾಡಿಕೆ ಸರಿಯಲ್ಲ. ಗುರುಕುಲದ ಕಠಿಣ ಶಿಕ್ಷಣದಲ್ಲಿ ಬೆಂದು ಬಂದ ಅವರು ಮೈಸೂರಿನಲ್ಲಿ ಅಯ್ಯನಾರ್ ಸಂಗೀತ ಕಾಲೇಜನ್ನು ಸ್ಥಾಪಿಸಿ, ಊಟ ವಸತಿಗಳಿಗೆ ಗುರುವಿನ ಮನೆಯನ್ನೇ ನಂಬಬೇಕಾದ ಪದ್ಧತಿಯ ಆಚೆಗೂ ಸಂಗೀತ ಕಲಿಯಲು ದಾರಿ ಮಾಡಿದರು. ಅವರ ಶಿಷ್ಯರಲ್ಲಿ ವಿ. ಸೇತುರಾಮಯ್ಯನವರೂ ತಮಿಳುನಾಡಿನ ಕಂಡದೇವಿ ಅಳಗಿರಿಸ್ವಾಮಿಯವರೂ ಸೇರಿದ್ದರು. 1977ರಲ್ಲಿ ಎಂ.ಎಸ್. ಸುಬ್ಬುಲಕ್ಷ್ಮಿಯವರು ನ್ಯೂಯಾರ್ಕಿನ ಕಾರ್ನೆಗಿ ಹಾಲ್‌ನಲ್ಲಿ ಹಾಡಿದಾಗ ಪಿಟೀಲು ಹಿಡಿದು ಪಕ್ಕದಲ್ಲಿ ಕುಳಿತಿದ್ದವರು ಈ ಅಳಗಿರಿಸ್ವಾಮಿಯವರೇ. ಚೌಡಯ್ಯನವರ ಪಾಠ ಅಟ್ಲಾಂಟಿಕ್ ಸಾಗರವನ್ನು ದಾಟಿದ್ದು ಹೀಗೆ, ಶಿಷ್ಯನ ಕೈಯಲ್ಲಿ.

ಏಳು ತಂತಿಯ ವಾದ್ಯವನ್ನು ಅವರ ನಂತರವೂ ಬಿಡದೆ ನುಡಿಸಿದವರಲ್ಲಿ ಅಗ್ರಗಣ್ಯರು ಆರ್.ಆರ್. ಕೇಶವಮೂರ್ತಿಗಳು. ಹಾಸನ ಜಿಲ್ಲೆಯಲ್ಲಿ ಸಂಗೀತಗಾರರ ಊರೆಂದೇ ಪ್ರಸಿದ್ಧವಾದ ರುದ್ರಪಟ್ಟಣದ ಇವರು ಬೆಂಗಳೂರಿನಲ್ಲಿ ನೆಲೆಸಿ, 2006ರಲ್ಲಿ ತೀರಿಕೊಳ್ಳುವವರೆಗೆ ಅನೇಕ ಶಿಷ್ಯರನ್ನು ತಯಾರು ಮಾಡಿದರು. ವೈದ್ಯಕೀಯ ಶಿಕ್ಷಣ ಪಡೆದು, ಆಮೇಲೆ ಲಂಡನ್ನಿನಲ್ಲಿ ನೆಲೆಸಿ, ಯೂರೋಪಿನ ವೇದಿಕೆಗಳಲ್ಲಿ ಕರ್ನಾಟಕ ಪಿಟೀಲನ್ನು ನುಡಿಸುತ್ತ ಕಲಿಸುತ್ತ ಬಂದಿರುವ ಜ್ಯೋತ್ಸ್ನಾ ಶ್ರೀಕಾಂತ್ ಅವರು ಇವರ ಶಿಷ್ಯೆ. ಮದರಾಸಿನ ಕೋಟೆಯಲ್ಲಿ ಇಂಗ್ಲಿಷರ ಕೈಯಿಂದ ಪಡೆದ ವಾದ್ಯ ಹೀಗೆ ಇಂಗ್ಲಿಷರ ರಾಜಧಾನಿಗೇ, ಬೇರೊಂದು ಸಂಗೀತವನ್ನು ಹೊತ್ತು, ಮರಳಿದೆ.

ಮೈಸೂರಿನಲ್ಲಿಯೇ ಚೌಡಯ್ಯನವರ ಪರಂಪರೆಗೆ ಸಮಾನಾಂತರವಾಗಿ ಬೆಳೆದ ಇನ್ನೊಂದು ಮನೆತನ ವಿದ್ವಾನ್ ಎಸ್. ಮಹಾದೇವಪ್ಪನವರದು. ಅವರು ಸ್ವತಃ ಕಚೇರಿಯ ಪ್ರಸಿದ್ಧಿಗಿಂತ ಪಾಠಕ್ಕೆ ಹೆಚ್ಚು ಬೆಲೆ ಕೊಟ್ಟವರು. ಅವರ ಮಕ್ಕಳೂ ಶಿಷ್ಯರೂ ಆದ ಎಂ. ನಾಗರಾಜ್ ಮತ್ತು ಎಂ. ಮಂಜುನಾಥ್ ಮೈಸೂರು ಸಹೋದರರೆಂಬ ಹೆಸರಿನಲ್ಲಿ ಜೋಡಿಪಿಟೀಲಿನ ಕಚೇರಿಗಳನ್ನು ದೇಶವಿದೇಶಗಳಲ್ಲಿ ನಡೆಸಿ ಅಂತರರಾಷ್ಟ್ರೀಯ ಖ್ಯಾತಿ ಪಡೆದಿದ್ದಾರೆ. ಮಂಜುನಾಥ್ ಅವರು ಮೈಸೂರು ವಿಶ್ವವಿದ್ಯಾಲಯದ ಲಲಿತಕಲಾ ಕಾಲೇಜಿನಲ್ಲಿ ಅಧ್ಯಾಪಕರಾಗಿಯೂ ದುಡಿದವರು. ಈ ಸಹೋದರರು ನುಡಿಸುವುದು ನಾಲ್ಕು ತಂತಿಯ ವಾದ್ಯವನ್ನೇ. ಜೋಡಿವಾದನದಲ್ಲಿ ಒಬ್ಬರು ಮೇಲಿನ ಸ್ಥಾಯಿಯಲ್ಲಿಯೂ ಇನ್ನೊಬ್ಬರು ಕೆಳಗಿನ ಸ್ಥಾಯಿಯಲ್ಲಿಯೂ ಒಟ್ಟಿಗೆ ನುಡಿಸುವಾಗ ಹೊಮ್ಮುವ ತುಂಬುನಾದವನ್ನು ಕೇಳಿದವರಿಗೆ, ಚೌಡಯ್ಯನವರು ಒಂದೇ ವಾದ್ಯದಿಂದ ಪಡೆಯಲು ಬಯಸಿದ್ದು ಏನೆಂಬುದು ಸ್ಪಷ್ಟವಾಗುತ್ತದೆ.

ಈ ದೊಡ್ಡ ಹೆಸರುಗಳ ಚರಿತ್ರೆ ಮೈಸೂರು, ಬೆಂಗಳೂರು, ಮದರಾಸುಗಳ ನಡುವೆ ಸುತ್ತುತ್ತದೆ. ಕೋಲಾರದಂಥ ಸೀಮೆಗಳಲ್ಲಿ ಪಿಟೀಲು ಜನರ ಕಿವಿಗೆ ತಲುಪಿದ ದಾರಿಗಳು ಬೇರೆ. ಇಲ್ಲಿಯ ಮದುವೆ, ರಥೋತ್ಸವಗಳಲ್ಲಿ ಮೊದಲಿನಿಂದಲೂ ಮೊಳಗುತ್ತಿದ್ದುದು ಓಲಗ. ಪಿಟೀಲು ಬಂದದ್ದು ಹರಿಕಥೆಯ ಜೊತೆಯಲ್ಲಿ, ಭಜನಾ ಮಂಡಳಿಗಳ ಜೊತೆಯಲ್ಲಿ, ನಾಟಕದ ಮೇಳಗಳ ಜೊತೆಯಲ್ಲಿ. ಹರಿಕಥೆಯಲ್ಲಿ ದಾಸರು ಕಥೆ ಹೇಳುತ್ತ, ನಡುನಡುವೆ ಹಾಡುತ್ತ ಸಾಗುವಾಗ ಪಿಟೀಲುಗಾರ ಶ್ರುತಿಯನ್ನು ಕಾಯುತ್ತಾನೆ, ಹಾಡನ್ನು ಹಿಂಬಾಲಿಸುತ್ತಾನೆ, ಕಥೆ ಶೋಕಕ್ಕೆ ತಿರುಗಿದಾಗ ಒಂದೆರಡು ಎಳೆತಗಳಲ್ಲಿ ಸಭೆಯ ಮನಸ್ಸನ್ನು ಅದಕ್ಕೆ ಹದಮಾಡುತ್ತಾನೆ. ರಾಮನವಮಿಯ ಪಾನಕ ಕೋಸಂಬರಿಗಾಗಿ ಬಂದವರೂ ಈ ರೀತಿಯಲ್ಲಿ ಕಾಂಬೋಧಿ, ಮುಖಾರಿಗಳ ಪರಿಚಯ ಮಾಡಿಕೊಂಡು ಹೋಗುತ್ತಿದ್ದರು, ರಾಗದ ಹೆಸರು ಗೊತ್ತಿಲ್ಲದೆಯೇ.

ಈ ಸೀಮೆಯ ಶ್ರೋತೃಗಳಿಗೆ ಇನ್ನೊಂದು ಅನುಕೂಲವೂ ಇತ್ತು. ಕೋಲಾರ, ಮುಳಬಾಗಿಲು, ಶ್ರೀನಿವಾಸಪುರಗಳ ಬಹುಪಾಲು ಮನೆಗಳಲ್ಲಿ ಕನ್ನಡವೂ ತೆಲುಗೂ ಒಂದೇ ನಾಲಿಗೆಯ ಮೇಲೆ ಓಡಾಡುತ್ತವೆ. ಹಿಂದೆ ಇದೇ ಜಿಲ್ಲೆಗೆ ಸೇರಿದ್ದ ಚಿಂತಾಮಣಿ ತಾಲ್ಲೂಕಿನ ಕೈವಾರದ ನಾರೇಯಣ ಯತಿಗಳು ಎರಡೂ ಭಾಷೆಗಳಲ್ಲಿ ತತ್ತ್ವಪದಗಳನ್ನು ರಚಿಸಿದ್ದು ಇದಕ್ಕೆ ಸಾಕ್ಷಿ. ಗುರುಪೂರ್ಣಿಮೆಯ ಸಮಯದಲ್ಲಿ ಕೈವಾರದಲ್ಲಿ ಇಂದಿಗೂ ಹಗಲು ರಾತ್ರಿ ಸಂಗೀತ ಸೇವೆ ನಡೆಯುತ್ತದೆ. ತ್ಯಾಗರಾಜರ ಕೃತಿಗಳು ಮೈಸೂರಿನ ರಸಿಕನಿಗೆ ಬಹುಮಟ್ಟಿಗೆ ರಾಗಭಾವದ ಮೂಲಕವೇ ತಲುಪಬೇಕಾದರೆ, ಇಲ್ಲಿಯ ರೈತನಿಗೆ ಅವುಗಳ ಮಾತೂ ತಿಳಿಯುತ್ತದೆ. ಗಾಯಕರ ಸಾಹಿತ್ಯವನ್ನು ಪಿಟೀಲುಗಾರ ಸರಿಯಾಗಿ ಮರುನುಡಿದನೋ, ಪದವನ್ನು ನಡುವೆ ಕತ್ತರಿಸಿದನೋ ಎಂಬುದನ್ನು ಗುರುತಿಸಬಲ್ಲ ಸಾಮಾನ್ಯ ಶ್ರೋತೃಗಳಿರುವ ಪ್ರದೇಶಗಳು ಕರ್ನಾಟಕದಲ್ಲಿ ಹೆಚ್ಚಿಲ್ಲ; ಕೋಲಾರ ಅವುಗಳಲ್ಲೊಂದು.

1935ರಲ್ಲಿ ಮೈಸೂರಿನಲ್ಲಿ ಎಂ.ವಿ. ಗೋಪಾಲಸ್ವಾಮಿಯವರು ಆರಂಭಿಸಿದ ಬಾನುಲಿ ಕೇಂದ್ರ, 1955ರಲ್ಲಿ ಬೆಂಗಳೂರಿಗೆ ಸ್ಥಳಾಂತರಗೊಂಡ ಆಕಾಶವಾಣಿ, ಇವು ಆಮೇಲಿನ ದಾರಿಗಳು. 1939ರಲ್ಲಿ ಎಸ್.ವಿ. ನಾರಾಯಣಸ್ವಾಮಿರಾಯರು ಬೆಂಗಳೂರಿನ ಚಾಮರಾಜಪೇಟೆಯಲ್ಲಿ ಶ್ರೀರಾಮಸೇವಾ ಮಂಡಳಿಯನ್ನು ಸ್ಥಾಪಿಸಿದ ಮೇಲೆ, ಕೋಟೆ ಹೈಸ್ಕೂಲಿನ ಮೈದಾನದ ಚಪ್ಪರದ ಕೆಳಗೆ ದಕ್ಷಿಣದ ಬಹುತೇಕ ಎಲ್ಲ ದೊಡ್ಡ ವಿದ್ವಾಂಸರೂ ಹಾಡಿದರು, ನುಡಿಸಿದರು. ಎಪ್ಪತ್ತು ಕಿಲೋಮೀಟರಿನಷ್ಟು ದೂರದ ಕೋಲಾರದ ರಸಿಕರಿಗೆ ಅದು ನೆರೆಮನೆಯ ಉತ್ಸವವಿದ್ದಂತೆ. ಮುಳಬಾಗಿಲಿನಲ್ಲಿ ಹುಟ್ಟಿದ ಡಿ.ವಿ. ಗುಂಡಪ್ಪನವರು ‘ಜ್ಞಾಪಕ ಚಿತ್ರಶಾಲೆ’ಯಲ್ಲಿ ಹಳೆಯ ಮೈಸೂರಿನ ಕಲಾವಿದರ ಚಿತ್ರಗಳನ್ನು ಬರೆದಿಟ್ಟಿರುವುದರಿಂದ ಆ ಕಾಲದ ಸಂಗೀತ ಕೇಳುವಿಕೆ ಹೇಗಿತ್ತೆಂಬುದು ಕೂಡ ಇಂದು ತಿಳಿಯುತ್ತದೆ.

ಚೌಡಯ್ಯನವರ ವಾದ್ಯಕ್ಕೆ ಏನಾಯಿತೆಂಬುದನ್ನು ಹೇಳಬೇಕು. ಮೈಕು ಬಂದ ಮೇಲೆ ಅದು ಹುಟ್ಟಿದ ಕಾರಣವೇ ಇಲ್ಲವಾಯಿತು. ನಾಲ್ಕು ತಂತಿಯ ಮೆಲುದನಿಯನ್ನು ಧ್ವನಿವರ್ಧಕ ಸಭೆಯ ಕೊನೆಯವರೆಗೆ ಮುಟ್ಟಿಸತೊಡಗಿದಾಗ, ಏಳು ಬಿರಡೆ ತಿರುವಿ ಶ್ರುತಿ ಕೂಡಿಸುವ ಕಷ್ಟವನ್ನು ಹೊಸ ತಲೆಮಾರು ಏಕೆ ಒಪ್ಪಬೇಕು? ಪಾಶ್ಚಾತ್ಯ ವಾದಕ ಯಹೂದಿ ಮೆನುಹಿನ್ ಅವರು 1952ರಲ್ಲಿ ಭಾರತಕ್ಕೆ ಬಂದುಹೋದ ಮೇಲೆ ಪೂರ್ವ ಪಶ್ಚಿಮಗಳ ಪಿಟೀಲುಗಾರರು ಒಂದೇ ವೇದಿಕೆಯಲ್ಲಿ ಕೂಡುವುದು ಹೆಚ್ಚುತ್ತ ಹೋಯಿತು; ಅಂಥಲ್ಲಿ ಎಲ್ಲರಿಗೂ ಪರಿಚಿತವಾದ ನಾಲ್ಕು ತಂತಿಯ ವಾದ್ಯಕ್ಕೇ ಸಲುವಳಿ ಇತ್ತು. ಕೆ.ಕೆ. ಮೂರ್ತಿಯವರ ಸಾಹಸದಿಂದ 1980ರಲ್ಲಿ ಬೆಂಗಳೂರಿನಲ್ಲಿ ತಲೆಯೆತ್ತಿದ ಚೌಡಯ್ಯ ಸ್ಮಾರಕ ಭವನವನ್ನು ತಂತಿ, ಬಿರಡೆ, ಕುದುರೆ, ಕಮಾನುಗಳೊಡನೆ ಏಳು ತಂತಿಯ ಪಿಟೀಲಿನ ಆಕಾರದಲ್ಲಿಯೇ ಕಟ್ಟಲಾಗಿದೆ. ಆ ಭವನದೊಳಗಿನ ವೇದಿಕೆಯಲ್ಲಿ ಇಂದು ಕೇಳಿಬರುವುದು ಬಹುತೇಕ ನಾಲ್ಕು ತಂತಿಯ ಪಿಟೀಲೇ. ಆವಿಷ್ಕಾರ ಸ್ಮಾರಕವಾಯಿತು, ಬಾಳಿದ್ದು ಪಾಠ. ವಾದ್ಯವನ್ನು ಹಾಡಿದಂತೆ ನುಡಿಸಬೇಕು, ಸಾಹಿತ್ಯ ತಿಳಿದು ನುಡಿಸಬೇಕು ಎಂಬ ಕೃಷ್ಣಪ್ಪನವರ ಮನೆಯ ಶಿಸ್ತು ತಂತಿಗಳ ಸಂಖ್ಯೆಯನ್ನು ಅವಲಂಬಿಸಿರಲಿಲ್ಲವಾದ್ದರಿಂದ ಶಿಷ್ಯರೊಡನೆ ಎಲ್ಲೆಡೆಗೂ ಹೋಯಿತು.

ಚೌಡಯ್ಯನವರ ಬಗ್ಗೆ ಬರಹಗಳಿವೆ, ಧ್ವನಿಮುದ್ರಣಗಳಿವೆ, ಭವನವಿದೆ. ಹರಿಕಥೆಯ ದಾಸರ ಹಿಂದೆ, ಭಜನೆಯ ಗುಂಪಿನ ನಡುವೆ ಕುಳಿತು ಹಳ್ಳಿಗಳ ಕಿವಿಯನ್ನು ಈ ಸಂಗೀತಕ್ಕೆ ಹದಗೊಳಿಸಿದ ತಾಲ್ಲೂಕು ಮಟ್ಟದ ಪಿಟೀಲುಗಾರರ ವಿಷಯದಲ್ಲಿ ಈ ಮಾತನ್ನು ಹೇಳುವಂತಿಲ್ಲ. ಕೋಲಾರ ಜಿಲ್ಲೆಯ ಭಜನಾ ಮಂಡಳಿಗಳು, ರಾಮಮಂದಿರಗಳು, ಹರಿಕಥಾ ದಾಸರ ಮನೆತನಗಳು ತಮ್ಮಲ್ಲಿ ಉಳಿದಿರುವ ಆಹ್ವಾನಪತ್ರಿಕೆಗಳನ್ನೂ ಲೆಕ್ಕದ ಪುಸ್ತಕಗಳನ್ನೂ ಹಳೆಯ ಭಾವಚಿತ್ರಗಳನ್ನೂ ಗೆದ್ದಲಿಗೆ ಬಿಡದೆ ಕೂಡಿಡಬೇಕು. ಹಿರಿಯರು ಇರುವಾಗಲೇ ಅವರಿಂದ ಹೆಸರುಗಳನ್ನು ಕೇಳಿ ಬರೆದಿಡುವ ಕೆಲಸವನ್ನು ಜಿಲ್ಲೆಯ ಕಾಲೇಜುಗಳ ಇತಿಹಾಸ ವಿಭಾಗಗಳು ಕೈಗೆತ್ತಿಕೊಳ್ಳಬೇಕು.